ಕಡ ಕೊಟ್ಟ ಮೂವತ್ತು ಓಟು

ಗದಗ
18 ನವೆಂಬರ್ 2024, ಸೋಮವಾರ

ಶ್ರೀ ಕಿರಣಕುಮಾರ ಅವರಿಗೆ ವಿದ್ಯಾಶ್ರೀ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಓಟಿನ ಎಣಿಕೆಯ ದಿನ ನಿಮ್ಮ ಮುಖವನ್ನು ಕಣ್ತುಂಬ ನೋಡಿದ್ದೇನೆ, ನನಗೆ ಅಷ್ಟು ಸಾಕು. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀವು ಮಾತಿನ ನಡುವೆಯೇ ಫೋನ್ ಇಟ್ಟುಬಿಡುತ್ತೀರಿ. ಕಾಗದವನ್ನು ಅರ್ಧಕ್ಕೆ ಹರಿದು ಒಗೆದರೂ ಉಳಿದರ್ಧದಲ್ಲಿ ಏನಿತ್ತೋ ಎಂದು ನೀವೇ ಎದ್ದುಹೋಗಿ ಚೂರುಗಳನ್ನು ಆರಿಸಿಕೊಂಡು ಬರುತ್ತೀರಿ. ಹನ್ನೊಂದು ವರ್ಷ ನಿಮ್ಮ ಮನೆಯಲ್ಲಿ ಬಾಳಿದವಳಿಗೆ ನಿಮ್ಮ ಇಷ್ಟು ಸ್ವಭಾವವಾದರೂ ಗೊತ್ತಿರುತ್ತದೆ.

ನಿನ್ನೆ ಪರಶುರಾಮ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂದಿದ್ದ. ಮುಂಡರಗಿಯಿಂದ ಬಸ್ಸಿನಲ್ಲಿ ಬಂದವನು ಒಳಗೆ ಬರಲು ಒಪ್ಪಲಿಲ್ಲ. ಮೇಲ್ದುಟಿ ಬಾತುಕೊಂಡಿತ್ತು. "ಅಕ್ಕಾರ, ನಾ ಮೋಸ ಮಾಡಿಲ್ರಿ. ನಮ್ಮ ಮಂದಿನೂ ಮಾಡಿಲ್ಲ. ಅಣ್ಣಾರು ಹೆಂಗ ಹೇಳಿದ್ರೋ ಹಂಗ ಹಾಕ್ಯಾರ. ಆದ್ರೂ ಹತ್ತು ಮಂದ್ಯಾಗ ಅಂಗಿ ಹಿಡದು ಹೊಡದ್ರು ನೋಡ್ರಿ" ಎಂದ. ಹದಿನೈದು ವರ್ಷ ನಿಮ್ಮ ಬೆನ್ನಿಗೆ ನಿಂತವನು, ನೀವು ಕೆಮ್ಮಿದರೆ ನೀರು ಹಿಡಿದುಕೊಂಡು ಬರುತ್ತಿದ್ದವನು ಸಣ್ಣ ಹುಡುಗನ ಹಾಗೆ ಅತ್ತ. ಅವನಿಗಾಗಿ ಈ ಕಾಗದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಅವನ ತುಟಿ ನಾಲ್ಕು ದಿನಕ್ಕೆ ಇಳಿಯುತ್ತದೆ. ನೀವು ನಿಮ್ಮ ಸೋಲನ್ನು ಬೇರೆಯವರ ತಲೆಗೆ ಕಟ್ಟಿ ಆರಾಮಾಗಿ ನಿದ್ದೆ ಮಾಡಬಾರದು ಎಂಬುದಕ್ಕೆ ಬರೆಯುತ್ತಿದ್ದೇನೆ.

ನಿಮ್ಮವರು ಯಾರೂ ನಿಮಗೆ ಮೋಸ ಮಾಡಲಿಲ್ಲ. ಮುಂಡರಗಿ ಮತ್ತು ಡಂಬಳದ ನಿಮ್ಮ ಮೂವತ್ತು ಮಂದಿ ಅಕ್ಷರಕ್ಕೆ ಅಕ್ಷರ ನೀವು ಹೇಳಿದಂತೆಯೇ ಓಟು ಹಾಕಿದರು. ನೀವು ಸೋತದ್ದೇ ಅದಕ್ಕೆ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಬೇಕಾದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವ ರೂಢಿ ಇದೆ.

ಆರು ವರ್ಷದ ಹಿಂದೆ ಕೈಮಗ್ಗ ನೇಕಾರರ ಒಕ್ಕೂಟಕ್ಕೆ ನನ್ನ ಅಪ್ಪ ಹನುಮಪ್ಪ ಅಧ್ಯಕ್ಷ, ನೀವು ಕಾರ್ಯದರ್ಶಿ. ಮಗ್ಗದ ಮುಂದೆ ಕೂತು ಬೆಳೆದ ಮನುಷ್ಯ ಅವನು. ಐದು ಊರಿನ ನೇಕಾರರನ್ನು ಒಂದುಗೂಡಿಸಿ ಒಕ್ಕೂಟ ಕಟ್ಟಿದವನೂ ಅವನೇ, ನಿಮ್ಮನ್ನು ಕೈಹಿಡಿದು ಒಳಗೆ ಕರೆತಂದವನೂ ಅವನೇ. ಆ ವರ್ಷದ ವಾರ್ಷಿಕ ಸಭೆಯಲ್ಲಿ, ಬೆಟಗೇರಿಯ ಸಭಾಭವನದಲ್ಲಿ, ನೀವು ಮೈಕು ಹಿಡಿದು ಎದ್ದು ನಿಂತಿರಿ. "ಗೋದಾಮಿನ್ಯಾಗಿನ ಜರಿ ಎಲ್ಲಿ ಹೋತು ಅಂತ ಅಧ್ಯಕ್ಷರನ್ನ ಕೇಳ್ರಿ. ಕೀಲಿ ಇರೋದು ಅವರ ಕಡೆ" ಎಂದಿರಿ.  ಹಿಂದಿನ ಸಾಲಿನಿಂದ ಸೀರೆ ನೇಯುವ ಅನ್ನವ್ವ ಒಬ್ಬಳೇ ಎದ್ದಳು. "ಸುಳ್ಳ ಹೇಳಬ್ಯಾಡೋ ತಮ್ಮಾ! ಜರಿ ನಿನ್ನ ಗಾಡ್ಯಾಗ ಹೇರಿದ್ದು ನಾ ಕಣ್ಣಾರೆ ನೋಡೀನಿ" ಎಂದು ಕೂಗಿದಳು. ನಿಮ್ಮ ಇಬ್ಬರು ಆಕೆಯ ರಟ್ಟೆ ಹಿಡಿದು ಹೊರಗೆ ಎಳೆದೊಯ್ದರು. ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿಯಿತು. ಮರುವಾರದಿಂದ ಒಕ್ಕೂಟದ ನೂಲು ಆಕೆಯ ಮನೆಗೆ ಬರುವುದು ನಿಂತಿತು. ಬೆಟಗೇರಿಯಲ್ಲಿ ಆಕೆಯಷ್ಟು ನುಣುಪಾಗಿ ಸೀರೆ ನೇಯುವವರು ಇರಲಿಲ್ಲ. ಅಂಥವಳು ಮಗ್ಗವನ್ನು ಹಾಗೇ ಬಿಟ್ಟು ಕಂಡವರ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೂಲಿ ಕೆಲಸಕ್ಕೆ ಹೋದಳು.

ಅಪ್ಪ ನಿಮ್ಮನ್ನೇ ನೋಡುತ್ತ ಕೀಲಿಗಳನ್ನು ಮೇಜಿನ ಮೇಲೆ ಇಟ್ಟು ಎದ್ದುಹೋದ.

ನೀವು ಮಧ್ಯಾಹ್ನ ಮನೆಗೆ ಊಟಕ್ಕೆ ಬಂದಿರಿ. ನಾನು ನಿಂತುಕೊಂಡೇ ಕೇಳಿದೆ. ನೀವು ರೊಟ್ಟಿ ಮುರಿಯುತ್ತ ಹೇಳಿದಿರಿ: "ನಿಮ್ಮಪ್ಪ ಕುರ್ಚಿ ಬಿಡಾಕ ಒಲ್ಲೆ ಅಂತಿದ್ದ. ಈಗ ಬಿಟ್ಟ. ಮುಗೀತಲ್ಲ? ಜರಿ ಎಲ್ಲ್ಯರ ಇರ್ತೈತಿ, ಅದರ ಚಿಂತಿ ನಿನಗ್ಯಾಕ? ಪಲ್ಯಾ ಹಾಕು."

ನಾನು ಪಲ್ಯ ಹಾಕಿದೆ. ಕೈ ತೊಳೆದುಕೊಂಡೆ. ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊರಟೆ. ನೀವು ತಲೆ ಎತ್ತಲಿಲ್ಲ.

ಆಮೇಲಿನದು ನಿಮಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಗರಜೂ ನಿಮಗಿರಲಿಲ್ಲ. ಅಪ್ಪ ಒಕ್ಕೂಟದ ಕಟ್ಟಡದ ಮುಂದೆ ಹಾಯುವುದನ್ನೇ ಬಿಟ್ಟ. ಸಂತೆಗೆ ಹೋಗಬೇಕಾದರೂ ಕೆರೆಯ ಆಚೆಯಿಂದ ಸುತ್ತುಹಾಕಿ ಹೋಗುತ್ತಿದ್ದ. ಕಟ್ಟೆಯ ಮೇಲೆ ಕೂತ ಹುಡುಗರು ಅವನಿಗೆ ಜರಿ ಹನುಮಪ್ಪ ಎಂದು ಹೆಸರಿಟ್ಟಿದ್ದರು. ಒಂದು ಸಲ ನಾನು ಜೊತೆಗಿದ್ದಾಗಲೇ ಯಾರೋ ಹಾಗೆ ಕೂಗಿದರು. ಅಪ್ಪ ಕೇಳಿಸದವನ ಹಾಗೆ ನಡೆದ, ಆದರೆ ಹಿಡಿದಿದ್ದ ನನ್ನ ಕೈಯನ್ನು ಬಿಟ್ಟ. ಮರುವರ್ಷ ತೀರಿಕೊಂಡ. ಅವನು ಕಟ್ಟಿದ ಒಕ್ಕೂಟದಿಂದ ಒಂದು ಹೂವಿನ ಹಾರ ಬರಲಿಲ್ಲ. ಅಧ್ಯಕ್ಷರು ನೀವಾಗಿದ್ದಿರಿ.

ಅವತ್ತಿನಿಂದ ನನಗೆ ಒಂದೇ ಕೆಲಸ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವುದು ಹೊಟ್ಟೆಪಾಡು. ಕೆಲಸ ಅಂದರೆ ನೀವು.

ಪೊಲೀಸರ ಕಡೆ ಹೋಗಬಹುದಿತ್ತು. ಜರಿ ಹೋಗಿ ವರ್ಷಗಳಾಗಿದ್ದವು, ಕಂಡವಳು ಅನ್ನವ್ವ ಒಬ್ಬಳೇ, ನಿಮ್ಮ ವಕೀಲರು ಆಕೆಯನ್ನು ಅರ್ಧ ಗಂಟೆಯಲ್ಲಿ ಹುಚ್ಚಿ ಮಾಡಿ ಕೂರಿಸುತ್ತಿದ್ದರು. ನಿಮ್ಮಿಂದ ಕಸಿದುಕೊಳ್ಳಬೇಕಾದದ್ದು ಆ ಕುರ್ಚಿ. ಅಪ್ಪನಿಂದ ಕಸಿದ ಹಾಗೆಯೇ ತುಂಬಿದ ಸಭೆಯಲ್ಲಿ ಕಸಿಯಬೇಕು, ಎಲ್ಲರೂ ನೋಡುತ್ತಿರಬೇಕು.

ನೀವು ಎರಡು ಸಲ ಗೆದ್ದದ್ದು ಹೇಗೆ ಎಂದು ಕೂತು ಯೋಚಿಸಿದೆ. ಎರಡು ಸಲವೂ ನಿಮಗೆ ಅರ್ಧದಷ್ಟು ಓಟು ಬಂದಿರಲಿಲ್ಲ. ನಿಮ್ಮನ್ನು ಒಲ್ಲೆ ಎನ್ನುವವರೇ ಹೆಚ್ಚಿದ್ದರು, ಆದರೆ ಅವರ ಓಟು ಲಕ್ಷ್ಮೇಶ್ವರದವರೊಬ್ಬರಿಗೆ, ಬೆಟಗೇರಿಯವರೊಬ್ಬರಿಗೆ ಎಂದು ಹರಿದುಹಂಚಿ ಹೋಗುತ್ತಿತ್ತು. ಅದಕ್ಕೇ ಈ ಜೂನಿನ ಸಭೆಯಲ್ಲಿ, ಅಪ್ಪನ ಸದಸ್ಯತ್ವ ನನ್ನ ಹೆಸರಿಗೆ ಬಂದಿದ್ದರಿಂದ, ಎದ್ದು ನಿಂತು ನಿಯಮಾವಳಿ ಬದಲಿಸಲು ಕೇಳಿದೆ. ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರಕ್ಕೆ ಓಟು ಹಾಕುವ ರೀತಿಯಲ್ಲೇ, ಒಬ್ಬರಿಗೆ ಠಪ್ಪೆ ಹೊಡೆದು ಬರುವ ಬದಲು ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆಯೋಣ. ಮೊದಲು ಒಂದು ಎಂದಿರುವುದನ್ನು ಎಣಿಸೋಣ. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ಹೊರಗಿಟ್ಟು, ಅವರ ಚೀಟಿಯಲ್ಲಿ ಎರಡು ಎಂದು ಯಾರಿಗೆ ಬರೆದಿದೆಯೋ ಅವರಿಗೆ ಆ ಓಟು ಹಂಚೋಣ ಎಂದೆ. ಲಕ್ಷ್ಮೇಶ್ವರದ ಗವಿಸಿದ್ದಪ್ಪ ಕಾಕಾ ಅನುಮೋದಿಸಿದರು. ನೀವು ನಕ್ಕಿರಿ. "ಮುಂದಿಂದ ಎಣಸ್ರಿ, ಹಿಂದಿಂದ ಎಣಸ್ರಿ, ಹೆಂಗ ಎಣಿಸಿದ್ರೂ ನಾನ ಬರ್ತೀನಿ" ಎಂದು ಕೈ ಎತ್ತಿ ಒಪ್ಪಿಗೆ ಕೊಟ್ಟಿರಿ. ಹೆಂಡತಿಗೆ ಹೆದರಿದೆ ಅನ್ನಿಸಿಕೊಳ್ಳಬಾರದು ಎಂಬ ನಿಮ್ಮ ಸೊಕ್ಕಿನ ಮೇಲೆ ನಾನು ಅಷ್ಟು ನಂಬಿಕೆ ಇಟ್ಟಿದ್ದೆ.

ಕಣಕ್ಕೆ ಮೂವರು ಇಳಿದಿರಿ. ನೀವು. ಗವಿಸಿದ್ದಪ್ಪ ಕಾಕಾ. ಮತ್ತೆ ಅನ್ನವ್ವ. ಆಕೆಯನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. "ನನಗ ಭಾಷಣ ಮಾಡಾಕ ಬರಂಗಿಲ್ಲವಾ, ಮಂದಿ ನಗತಾರ" ಎನ್ನುತ್ತಿದ್ದಳು. ಭಾಷಣ ಬೇಡ, ಹರಿದ ಸೆರಗು ಎಲ್ಲರಿಗೂ ನೆನಪಿದೆ ಎಂದೆ. ನೀವು ಆಕೆಯ ಹೆಸರು ಕೇಳಿ ಮತ್ತೆ ನಕ್ಕಿರಂತೆ.

ಹೊಸ ರೀತಿ ಓಟನ್ನು ಸದಸ್ಯರಿಗೆ ತಿಳಿಸಿ ಹೇಳಲು ನಾನೇ ಊರೂರಿಗೆ ಹೋದೆ. ಒಂದು ಭಾನುವಾರ ಬೆಟಗೇರಿ, ಒಂದು ಭಾನುವಾರ ಶಿರಹಟ್ಟಿ. ಮುಂಡರಗಿಯಲ್ಲಿ ಆದದ್ದನ್ನು ನೀವು ಪರಶುರಾಮನ ಮೊಬೈಲಿನಲ್ಲಿ ಕೇಳಿದ್ದೀರಿ. ಅವನು ಗೋಡೆಗೆ ಒರಗಿ ಕೂತು ರೆಕಾರ್ಡ್ ಮಾಡುತ್ತಿದ್ದುದನ್ನು ನಾನು ನೋಡಿದ್ದೆ. ಕೇಳಿದ್ದನ್ನೇ ಇನ್ನೊಮ್ಮೆ ಓದಿ, ಈ ಸಲ ನಿಧಾನವಾಗಿ.

ಇಪ್ಪತ್ತು ಮಂದಿಯನ್ನು ಕೂರಿಸಿ, ಚಹಾದ ಜೊತೆ ಏನು ತರಿಸೋಣ ಎಂದು ಓಟು ಹಾಕಿಸಿದೆ. ಖಾರದ ಮಿರ್ಚಿ ಭಜಿಗೆ ಒಂಬತ್ತು ಬಂತು, ಚುರಮುರಿಯ ಗಿರ್ಮಿಟ್ಟಿಗೆ ಆರು, ನೆನೆಸಿದ ಚುರಮುರಿಯ ಸುಸಲಾಕ್ಕೆ ಐದು. ಹಳೆಯ ರೀತಿಯಲ್ಲಾದರೆ ಮಿರ್ಚಿ ಬರಬೇಕು. ಆದರೆ ಇಪ್ಪತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಅಂದರೆ ಹನ್ನೊಂದು ಬೇಕಲ್ಲ? ಸುಸಲಾ ಕಡೆಯದು, ಅದು ಹೊರಗೆ. ಸುಸಲಾದ ಐದೂ ಮಂದಿ ಖಾರಕ್ಕೆ ಹೆದರಿ ಎರಡನೆಯದು ಗಿರ್ಮಿಟ್ಟು ಎಂದು ಬರೆದಿದ್ದರು. ಗಿರ್ಮಿಟ್ಟಿಗೆ ಹನ್ನೊಂದು, ಮಿರ್ಚಿ ಒಂಬತ್ತಕ್ಕೇ ನಿಂತಿತು. ಎಲ್ಲರೂ ಹೋ ಎಂದು ನಕ್ಕರು. ಪರಶುರಾಮ ನಗಲಿಲ್ಲ. "ಅಕ್ಕಾರ, ಹಂಗಾದ್ರ ಮಿರ್ಚಿ ಗೆಲ್ಲಬೇಕಂದ್ರ ಏನ್ ಮಾಡಬೇಕ್ರಿ?" ಎಂದ.

ಯಾರಾದರೂ ಅದನ್ನು ಕೇಳಲಿ ಎಂದೇ ಪ್ರತಿ ಊರಿನಲ್ಲೂ ಕಾಯುತ್ತಿದ್ದೆ.

ಹೇಳಿದೆ. ಮಿರ್ಚಿಯವರು ಬುದ್ಧಿವಂತರಾದರೆ ತಮ್ಮ ಇಬ್ಬರನ್ನು ಸುಸಲಾಕ್ಕೆ ಕಡ ಕೊಡುತ್ತಾರೆ. ಆಗ ಮಿರ್ಚಿ ಏಳು, ಸುಸಲಾ ಏಳು, ಗಿರ್ಮಿಟ್ಟು ಆರು. ಹೊರಗೆ ಹೋಗುವುದು ಗಿರ್ಮಿಟ್ಟು, ಅಂದರೆ ನಿಜವಾದ ಎದುರಾಳಿ. ಗಿರ್ಮಿಟ್ಟಿನವರು ಖಾರದ ಮಂದಿ, ಅವರಲ್ಲಿ ನಾಲ್ವರಾದರೂ ಎರಡನೆಯದು ಮಿರ್ಚಿ ಎಂದಿರುತ್ತಾರೆ. ಏಳು ಮತ್ತು ನಾಲ್ಕು ಹನ್ನೊಂದು. ಮಿರ್ಚಿ ಗೆದ್ದಿತು. ಇಂಥ ಕುತಂತ್ರ ಯಾರೂ ಮಾಡಬಾರದು ಎಂದೂ ಸೇರಿಸಿದೆ. ಆ ಮಾತು ನಿಮಗೆ ಇನ್ನೂ ಉಮೇದಿ ತಂದಿರಬೇಕು.

ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎರಡು ಮಾತು ಮಾತ್ರ ಹೇಳದೆ ಬಿಟ್ಟೆ. ಕಡ ಕೊಟ್ಟ ಓಟು ತಿರುಗಿ ಬರುವುದಿಲ್ಲ, ಸುಸಲಾ ಕಡೆಯ ತನಕ ಕಣದಲ್ಲಿ ಉಳಿದರೆ ಆ ಇಬ್ಬರು ಸುಸಲಾದ ಮಂದಿಯೇ. ಮತ್ತೆ, ಗಿರ್ಮಿಟ್ಟಿನವರು ಎರಡನೆಯದನ್ನು ಮಿರ್ಚಿಗೇ ಬರೆಯುತ್ತಾರೆ ಎಂದು ಯಾರೂ ಬರೆದುಕೊಟ್ಟಿಲ್ಲ.

ನೀವು ಆ ರೆಕಾರ್ಡನ್ನು ಎಷ್ಟು ಸಲ ಕೇಳಿದಿರೋ. ನಿಮಗೆ ಹೆದರಿಕೆ ಇದ್ದದ್ದು ಗವಿಸಿದ್ದಪ್ಪ ಕಾಕಾರದು, ಅನ್ನವ್ವನದಲ್ಲ. ಕಾಕಾರನ್ನು ಮೊದಲ ಸುತ್ತಿನಲ್ಲೇ ಹೊರಗೆ ಹಾಕಿಬಿಟ್ಟರೆ ಲಕ್ಷ್ಮೇಶ್ವರ, ಶಿರಹಟ್ಟಿಯ ದೊಡ್ಡ ಮಗ್ಗದವರು ಕಂಡಿಕೆ ಸುತ್ತುವ ಹೆಂಗಸಿಗೆ ಓಟು ಹಾಕುವುದಿಲ್ಲ, ನಿಮಗೇ ಹಾಕುತ್ತಾರೆ ಎಂದು ಲೆಕ್ಕ ಹಾಕಿದಿರಿ. ಒಂದು ವಾರದೊಳಗೆ ಡಂಬಳದಿಂದ ಅನ್ನವ್ವನಿಗೆ ಫೋನ್ ಬಂತು. ಆಕೆ ಗಾಬರಿಯಾಗಿ ನನ್ನ ಕಡೆ ಬಂದಳು. "ಏನವಾ ಇದು? ಕಿರಣನ ಮಂದಿ ನನಗ ಒಂದು ಅಂತ ಬರೀತೀವಿ ಅನ್ನಾಕತ್ತಾರ. ಇದರಾಗ ಏನೋ ಐತಿ" ಎಂದಳು. ಇದೆ, ಆದರೆ ಬಾಯಿ ಬಿಡಬೇಡ ಎಂದೆ.

ಮರುದಿನವೇ ಲಕ್ಷ್ಮೇಶ್ವರಕ್ಕೆ ಹೋದೆ. ಕಾಕಾ ತಮ್ಮ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಮನೆಮನೆಗೆ ಕರೆದೊಯ್ದರು. ಶಿರಹಟ್ಟಿಗೂ ಅವರೇ ಬಂದರು. ಒಂದು ಕಾಕಾರಿಗೆ, ಎರಡು ಅನ್ನವ್ವನಿಗೆ ಎಂದು ಪ್ರತಿ ಮನೆಯಲ್ಲೂ ಹೇಳಿದೆ. ಶಿರಹಟ್ಟಿಯ ಅಸ್ಮಾ, ನೂಲಿಗೆ ಬಣ್ಣ ಕಟ್ಟುವವಳು, ಬಣ್ಣದ ಕೈಯಲ್ಲೇ ಹೊರಗೆ ಬಂದು ಕೇಳಿದಳು: "ಎರಡು ಅಂತ ಬರದ್ರ ಕಾಕಾರ ಓಟಿಗೆ ಧಕ್ಕಿ ಆಗಂಗಿಲ್ಲೇನ್ರಿ?" ಆಗುವುದಿಲ್ಲ, ಕಾಕಾ ಹೊರಗೆ ಹೋದರೆ ಮಾತ್ರ ಎರಡನೆಯದನ್ನು ನೋಡುತ್ತಾರೆ ಎಂದೆ. ಕಾಕಾ ಗಟ್ಟಿಯಾಗಿ ನಕ್ಕು, "ನಾ ಎಲ್ಲಿ ಹೊರಗ ಹೋಗ್ತೀನಿ? ಆದ್ರೂ ಬರೀರಿ, ಆ ಹೆಣ್ಮಗಳ ಕಡೆ ನ್ಯಾಯ ಐತಿ" ಎಂದರು. ದೊಡ್ಡ ಮಗ್ಗದವರು ಕೆಲವರು ಮುಖ ಸಿಂಡರಿಸಿದರು. ಅವರಿಗೆ ನಾನು ಅಪ್ಪನ ಕತೆ ಹೇಳಿದೆ, ಪಲ್ಯ ಹಾಕು ಅಂದದ್ದನ್ನೂ ಹೇಳಿದೆ. ಆರು ವರ್ಷ ಯಾರ ಮುಂದೆಯೂ ಆಡದಿದ್ದ ಮಾತನ್ನು ಒಂದೇ ವಾರದಲ್ಲಿ ಐವತ್ತು ಪಡಸಾಲೆಯಲ್ಲಿ ಆಡಿದೆ. ಗಂಡನ ಮನೆಯ ಮಾತು ಹೊರಗೆ ಹೇಳಬಾರದಂತೆ. ಹೇಳಿದರೆ ಎಷ್ಟು ಹಗುರಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಇನ್ನು ಎಣಿಕೆಯ ದಿನ. ನೀವು ಬೆಳಿಗ್ಗೆಯೇ ಒಕ್ಕೂಟದ ಗೇಟಿನ ಹತ್ತಿರ ಬ್ಯಾಂಡಿನವರನ್ನು ತಂದು ನಿಲ್ಲಿಸಿದ್ದಿರಿ. ಸೇವಂತಿಗೆ ಹಾರದ ಬುಟ್ಟಿ ಜಗಲಿಯ ಮೇಲಿತ್ತು. ಚುನಾವಣಾಧಿಕಾರಿಯಾಗಿದ್ದ ಬೀರಲಿಂಗ ಮಾಸ್ತರರು, ನಿವೃತ್ತರಾದರೂ ಇನ್ನೂ ಹಾಜರಿ ಕರೆಯುವ ಧ್ವನಿ ಅವರದು, ಒಂದೊಂದೇ ಚೀಟಿ ಎತ್ತಿ ಓದಿದರು. ಅನ್ನವ್ವನ ಪರವಾಗಿ ಮೇಜಿನ ಪಕ್ಕದಲ್ಲಿ ನಾನು ನಿಂತಿದ್ದೆ.

ಒಟ್ಟು ಮುನ್ನೂರ ನಾಲ್ಕು ಓಟು. ಗೆಲ್ಲಲು ನೂರ ಐವತ್ಮೂರು ಬೇಕು. ಮೊದಲ ಸುತ್ತಿನಲ್ಲಿ ನಿಮಗೆ ನೂರ ಹನ್ನೆರಡು, ಅನ್ನವ್ವನಿಗೆ ತೊಂಬತ್ತೊಂಬತ್ತು, ಕಾಕಾರಿಗೆ ತೊಂಬತ್ಮೂರು. ಕಾಕಾ ಹೊರಗೆ.

ನೀವು ಆಗ ಎದ್ದು ಹೋಗಿ ಕಾಕಾರ ಹೆಗಲ ಮೇಲೆ ಕೈ ಇಟ್ಟಿರಿ. "ಕಾಕಾ, ವಯಸ್ಸಾತು, ಆರಾಮ ಇರ್ರಿ ಇನ್ನ" ಎಂದಿರಿ. ಕಿಟಕಿಯಿಂದ ಬ್ಯಾಂಡಿನವರಿಗೆ ಸನ್ನೆ ಮಾಡಿದಿರಿ. ಅವರಲ್ಲೊಬ್ಬ ತುತ್ತೂರಿಯನ್ನು ಅಂಗಿಗೆ ಒರೆಸಿ ಬಾಯಿಗೆ ಹಿಡಿದ.

ಮಾಸ್ತರರು ಕಾಕಾರ ತೊಂಬತ್ಮೂರು ಚೀಟಿಗಳನ್ನು ತಿರುಗಿ ಕೈಗೆತ್ತಿಕೊಂಡರು. ಎರಡು, ಅನ್ನವ್ವ. ಎರಡು, ಅನ್ನವ್ವ. ಎರಡು, ಕಿರಣಕುಮಾರ. ಎರಡು, ಅನ್ನವ್ವ. ಮೊದಮೊದಲು ನೀವು ನಗುತ್ತಲೇ ಇದ್ದಿರಿ. ಇನ್ನೂ ಕೆಲವಾದ ಮೇಲೆ ನಿಮ್ಮ ತುಟಿ ಎಣಿಸತೊಡಗಿತು. ಆಮೇಲೆ ತುಟಿಯೂ ನಿಂತಿತು. ನಾನು ಚೀಟಿ ನೋಡಲಿಲ್ಲ, ಮಾಸ್ತರರನ್ನೂ ನೋಡಲಿಲ್ಲ. ನಿಮ್ಮ ಹಣೆಯ ಮೇಲೆ ಬೆವರು ಒಡೆದು, ಹುಬ್ಬಿಗೆ ಇಳಿದು, ಅಲ್ಲಿಂದ ಕಣ್ಣಿಗೆ ಹೋದದ್ದನ್ನು ನೋಡಿದೆ. ನೀವು ಒರೆಸಿಕೊಳ್ಳಲಿಲ್ಲ. ಕೀಲಿ ಇಟ್ಟು ಎದ್ದುಹೋಗುವಾಗ ಅಪ್ಪ ಯಾರ ಮುಖ ನೋಡಿದ್ದನೋ ಆ ಮುಖ ಈಗ ಆಸರೆಗೆ ಒಬ್ಬರ ಕಣ್ಣನ್ನು ಹುಡುಕುತ್ತಿತ್ತು. ಅದು ನನ್ನ ಕಣ್ಣಿಗೆ ಬಂದು ನಿಂತಿತು. ನಾನು ಕಣ್ಣು ತೆಗೆಯಲಿಲ್ಲ.

ಅರವತ್ತು ಅನ್ನವ್ವನಿಗೆ, ಇಪ್ಪತ್ತೇಳು ನಿಮಗೆ, ಆರು ಮಂದಿ ಎರಡನೆಯದನ್ನು ಬರೆದೇ ಇರಲಿಲ್ಲ. ಅನ್ನವ್ವನದು ನೂರ ಐವತ್ತೊಂಬತ್ತು. ನಿಮ್ಮದು ನೂರ ಮೂವತ್ತೊಂಬತ್ತು.

ಇಪ್ಪತ್ತು ಓಟಿನ ಸೋಲು. ನೀವು ಆಕೆಗೆ ಕಡ ಕೊಟ್ಟದ್ದು ಮೂವತ್ತು.

ಆ ಮೂವತ್ತು ಚೀಟಿಗಳನ್ನು ನಾನು ಮೊದಲ ಸುತ್ತಿನಲ್ಲಿ ಕಣ್ಣಾರೆ ಕಂಡೆ. ಒಂದು ಅನ್ನವ್ವನಿಗೆ, ಎರಡು ನಿಮಗೆ, ಮೂರನೆಯ ಜಾಗ ಖಾಲಿ. ನೀವು ಹೇಳಿಕೊಟ್ಟ ಹಾಗೆ ಗುಂಡಗೆ, ಸ್ಪಷ್ಟವಾಗಿ ಬರೆದಿದ್ದರು ಪಾಪ. ಅನ್ನವ್ವ ಕಡೆಯ ತನಕ ಕಣದಲ್ಲೇ ಇದ್ದದ್ದರಿಂದ ಆಕೆಯ ಚೀಟಿಗಳಲ್ಲಿ ಎರಡನೆಯದನ್ನು ಯಾರೂ ನೋಡುವ ಹಾಗಿರಲಿಲ್ಲ. ನಿಮ್ಮ ಹೆಸರು ಅಲ್ಲೇ ಆಕೆಯ ಕಟ್ಟಿನೊಳಗೆ, ದಾರ ಸುತ್ತಿಸಿಕೊಂಡು ಮಲಗಿತ್ತು. ಮರು ಎಣಿಕೆಗೆ ಅರ್ಜಿ ಕೊಟ್ಟಿದ್ದೀರಂತೆ. ಎಣಿಸಿಕೊಳ್ಳಿ. ಅವರು ಎಷ್ಟು ನಿಷ್ಠೆಯವರು ಎಂದು ಊರೆಲ್ಲರ ಮುಂದೆ ಗೊತ್ತಾಗಲಿ. ಆಮೇಲೆ ಪರಶುರಾಮನ ಮನೆಗೆ ಹೋಗಿ ಅವನ ಮುಖ ನೋಡಿ.

ಗೆದ್ದ ಅನ್ನವ್ವನನ್ನು ಹೆಂಗಸರು ಎತ್ತಿ ಕುಣಿಸಿದರು. ಬ್ಯಾಂಡಿನವರು ಯಾರು ಗೆದ್ದರೆಂದು ತಿಳಿಯದೆ ಬಾರಿಸಿಯೇ ಬಾರಿಸಿದರು. ನಿಮಗೆ ತಂದ ಹಾರ ಆಕೆಗೆ ಬಿತ್ತು, ದೊಡ್ಡದಾಗಿ ಮೊಣಕಾಲಿನ ತನಕ ಇಳಿದಿತ್ತು. ನೀವು ಹಿಂದಿನ ಬಾಗಿಲಿನಿಂದ ಹೋದದ್ದನ್ನು ಬಹಳ ಮಂದಿ ನೋಡಿದರು, ಅಷ್ಟರ ಮಟ್ಟಿಗೆ ನನಗೆ ಸಮಾಧಾನ.

ಜನ ಕರಗಿದ ಮೇಲೆ ಆಕೆ ನನ್ನನ್ನು ಗೋದಾಮಿನ ಒಳಗೆ ಕರೆದಳು. ನಗುತ್ತಿರಲಿಲ್ಲ. ಹಾರ ತೆಗೆದು ನೂಲಿನ ಮೂಟೆಯ ಮೇಲೆ ಇಟ್ಟು ಕೇಳಿದಳು: "ಖರೆ ಹೇಳು. ನೀ ನನ್ನ ಗೆಲ್ಲಿಸಿದ್ಯೋ, ಅವನ್ನ ಸೋಲಿಸಿದ್ಯೋ?"

ಎರಡೂ ಒಂದೇ ಅಲ್ಲವೇ ಎಂದೆ.

"ಒಂದ ಅಲ್ಲ" ಎಂದಳು ಆಕೆ. "ನನಗ ಮುಂಜಾನಿ ಎದ್ದು ಮೂರ್ನೂರು ಮನಿಗೆ ನೂಲು ಮುಟ್ಟಸಬೇಕು. ನೀ ಮನಿಗೆ ಹೋಗಿ ಮಲ್ಕೋತಿ."

ಆಕೆ ಹೇಳಿದ್ದು ಖರೆ. ಅವತ್ತು ಆರು ವರ್ಷಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದೆ. ನಿಮಗೆ ಅದು ತಿಳಿದಿರಲಿ.

ಒಂದು ವಿಷಯ ಬಾಕಿ. ವಿಚ್ಛೇದನದ ಕಾಗದಕ್ಕೆ ಸಹಿ ಬೇಕೆಂದು ನಿಮ್ಮ ವಕೀಲರು ಮೂರು ಸಲ ಹೇಳಿಕಳಿಸಿದ್ದರು. ಮಾಡಿದ್ದೇನೆ, ಈ ಕಾಗದದ ಜೊತೆಗಿದೆ. ಇಷ್ಟು ದಿನ ಮಾಡದೆ ಇದ್ದದ್ದು ನಿಮ್ಮ ಮೇಲಿನ ಆಸೆಗಲ್ಲ. ಕೈಯಲ್ಲಿರುವ ಕೆಲಸ ಮುಗಿಯುವ ತನಕ ನಿಮ್ಮ ಹೆಂಡತಿ ಎಂಬ ಹೆಸರಿಗೆ ಒಂದು ಉಪಯೋಗ ಇತ್ತು. ಹೆಂಡತಿಯೇ ಹೀಗೆ ಹೇಳುತ್ತಾಳೆ ಎಂದರೆ ಲಕ್ಷ್ಮೇಶ್ವರದ ಪಡಸಾಲೆಗಳಲ್ಲಿ ಬಾಗಿಲು ಬೇಗ ತೆರೆಯುತ್ತಿತ್ತು.

ಹೆಚ್ಚಿಗೆ ಬರೆಯುವುದಿಲ್ಲ. ಬರೆಯಲು ಏನೂ ಉಳಿದಿಲ್ಲ.

ಇಂತಿ,
ಹನುಮಪ್ಪನ ಮಗಳು
ವಿದ್ಯಾಶ್ರೀ

ತಾ.ಕ.: ಮೇಲೆ ಸಹಿ ಮಾಡಿ, ಪಾಕೀಟಿಗೆ ಅಂಟು ಹಚ್ಚುವ ಮುಂಚೆ ಇದನ್ನು ಬರೆಯುತ್ತಿದ್ದೇನೆ. ನೀವು ಏನೂ ತಂತ್ರ ಮಾಡದೆ ಸುಮ್ಮನಿದ್ದಿದ್ದರೂ ಸೋಲುತ್ತಿದ್ದಿರಿ. ನಿಮ್ಮ ಮೂವತ್ತು ಇಲ್ಲದಿದ್ದರೆ ಅನ್ನವ್ವನಿಗೆ ಅರವತ್ತೊಂಬತ್ತೇ. ಆಕೆ ಮೊದಲು ಹೊರಗೆ ಹೋಗುತ್ತಿದ್ದಳು, ಆಕೆಯ ಮಂದಿಯೆಲ್ಲ ಎರಡನೆಯದನ್ನು ಗವಿಸಿದ್ದಪ್ಪ ಕಾಕಾರಿಗೆ ಬರೆದಿದ್ದರು, ಕಾಕಾ ಅಧ್ಯಕ್ಷರಾಗುತ್ತಿದ್ದರು. ಅದು ನನಗೆ ಮೊದಲೇ ಗೊತ್ತಿತ್ತು. ಆದರೆ ಕಾಕಾ ದೊಡ್ಡ ಮನಸ್ಸಿನವರು. ನಿಮಗೆ ಶಾಲು ಹೊದಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಸಿ ಕೂರಿಸಿಕೊಳ್ಳುತ್ತಿದ್ದರು. ನೀವು ಅಷ್ಟು ಮಾನದಿಂದ ಸೋಲುವುದು ನನಗೆ ಬೇಕಿರಲಿಲ್ಲ. ನಿಮ್ಮ ಕೈಯಿಂದಲೇ ಸೋಲಬೇಕು, ಅನ್ನವ್ವನಿಗೇ ಸೋಲಬೇಕು. ಅದಕ್ಕೇ ಡಂಬಳದ ಸುದ್ದಿ ಬಂದ ಮೇಲೂ ಕಾಕಾರಿಗೆ ಹೇಳಲಿಲ್ಲ. ಅವರ ಸ್ಕೂಟರಿನಲ್ಲಿ ಕೂತು, ಅವರ ಮನೆಯ ಊಟ ಉಂಡು, ಅವರ ಮಂದಿಯ ಕಡೆಯಿಂದಲೇ ಅವರು ಹೊರಗೆ ಹೋದ ಮೇಲಿನ ಲೆಕ್ಕ ಬರೆಸಿದೆ.

ಮೊನ್ನೆ ಶನಿವಾರ ಹೋಗಿ ಎಲ್ಲವನ್ನೂ ಅವರಿಗೆ ಹೇಳಿದೆ. ಒಂದೇ ಮಾತು ಅಂದರು: "ನಿಮ್ಮಪ್ಪ ಇದ್ದಿದ್ರ ನನಗ ಓಟು ಹಾಕ್ತಿದ್ದ, ವಿದ್ಯಾ."

ಹಾಕುತ್ತಿದ್ದ. ನನಗೂ ಗೊತ್ತು. ಕಾಕಾರಿಗೆ ನಾನು ಹೀಗೆ ಮಾಡಬೇಕಾಗಿ ಬಂದದ್ದಕ್ಕೂ ನಿಮ್ಮನ್ನು ಕ್ಷಮಿಸುವುದಿಲ್ಲ.